ಚಂದಯ್ಯನ ಕಿಸೆಯೊಳಗಿನ ಸರ್ಕಾರ

ಹೊಳೆಬಾಗಿಲಿನ ಹಗ್ಗದಂಗಡಿ ಚಂದಯ್ಯ ಪೇಪರಿನಲ್ಲಿ ಬಂದ ಯಾವ ಸುದ್ದಿಯನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಅದು ಯಂತ್ರಗಳ ಸುದ್ದಿಯಾದರಂತೂ ಓದುವ ಮೊದಲೇ ನಂಬುತ್ತಿರಲಿಲ್ಲ.

ಇದಕ್ಕೆ ಕಾರಣವಿತ್ತು. ಎರಡು ಸಾವಿರದ ಇಸವಿ ಹುಟ್ಟುವ ಗಳಿಗೆಯಲ್ಲಿ ಲೋಕದ ಕಂಪ್ಯೂಟರುಗಳೆಲ್ಲ ತಲೆಕೆಟ್ಟು, ವಿಮಾನಗಳು ಉದುರಿ, ಬ್ಯಾಂಕುಗಳು ಮುಳುಗುತ್ತವೆ ಎಂದು ಪೇಪರುಗಳು ಬರೆದಾಗ ಊರಿಗೆ ಊರೇ ಹೆದರಿತ್ತು. ಹೊಳೆಬಾಗಿಲಿನಲ್ಲಿ ಆಗ ಒಂದೇ ಒಂದು ಕಂಪ್ಯೂಟರ್ ಇರಲಿಲ್ಲ. ಆದರೆ ಹೆದರಿಕೆಗೆ ಕಂಪ್ಯೂಟರ್ ಬೇಕೆಂದೇನಿಲ್ಲವಲ್ಲ. ಚಂದಯ್ಯ ಒಬ್ಬ ಮಾತ್ರ "ಎಂತದೂ ಆತಿಲ್ಲೆ, ಹೋಯಿ ಮನಿಕಣಿ" ಎಂದು ಎಲ್ಲರನ್ನೂ ಮಲಗಲು ಕಳಿಸಿದ್ದ. ಎಂತದೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಪೋಸ್ಟ್ ಮಾಸ್ಟರ್ ಕೃಷ್ಣಯ್ಯನವರು ಸ್ವತಃ ಅಂಗಡಿಗೆ ಬಂದು ಅವನ ಕೈಕುಲುಕಿದರು. ಆ ಒಂದು ಕೈಕುಲುಕು ಚಂದಯ್ಯನಿಗೆ ಜೀವಮಾನಕ್ಕೆ ಸಾಕಾಯಿತು. ಬ್ರಹ್ಮಾವರಕ್ಕೆ ಎಟಿಎಂ ಬಂದಾಗ, ಗೋಡೆಯ ಹಿಂದೆ ಒಬ್ಬ ಗುಮಾಸ್ತ ಕೂತು ನೋಟು ದೂಡುತ್ತಾನೆ ಎಂದ. ಕುಂದಾಪುರಕ್ಕೆ ಸ್ಕ್ಯಾನಿಂಗ್ ಯಂತ್ರ ಬಂದಾಗ, ಮನುಷ್ಯರ ಹೊಟ್ಟೆಯೆಲ್ಲ ಒಂದೇ ಥರ ಇರುವುದರಿಂದ ಎಲ್ಲರಿಗೂ ಒಂದೇ ಫೋಟೋ ಹಂಚುತ್ತಾರೆ ಎಂದ. ಅವನ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತವರು ಅರ್ಧ ನಗುತ್ತ, ಅರ್ಧ 'ಹೌದಾಯಿಕ್ಕೂ ಸೈ' ಎನ್ನುತ್ತ ಚಾ ಕುಡಿಯುತ್ತಿದ್ದರು.

ಇಂಥವನ ಕಿಸೆಗೆ ಸ್ಮಾರ್ಟ್ ಫೋನು ಬಂದದ್ದು ಹೆಂಡತಿಯ ಕಡೆಯಿಂದ. ಕುಸುಮಳ ತಮ್ಮ ರತೀಶ ಮುಂಬಯಿಯಲ್ಲಿ ಹೋಟೆಲ್ ಮ್ಯಾನೇಜರು. 2013ರ ಬೇಸಿಗೆಯಲ್ಲಿ ಊರಿಗೆ ಬಂದವನು ತನಗೆ ಹಳತಾದ ಫೋನೊಂದನ್ನು ಬಾವನಿಗೆ ಕೊಟ್ಟು ಹೋದ. ಚಂದಯ್ಯ ಅದನ್ನು ಬಂದ ಕಾಲ್ ಎತ್ತುವುದಕ್ಕೆ ಮಾತ್ರ ಬಳಸಿದ. ಉಳಿದ ಹೊತ್ತಿನಲ್ಲಿ ಅದು ಅಂಗಿಯ ಕಿಸೆಯಲ್ಲಿ, ಮೇಲಿನ ಅರ್ಧ ದಾರಿಹೋಕರಿಗೆ ಕಾಣುವ ಹಾಗೆ ನಿಂತಿರುತ್ತಿತ್ತು. ನಂಬಿಕೆ ಇಲ್ಲದಿದ್ದರೂ ತೋರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲವಲ್ಲ.

ಮಳೆಗಾಲ ಶುರುವಾದ ಮೇಲಿನ ಒಂದು ಬೆಳಿಗ್ಗೆ. ಬೆಂಚಿನ ಮೇಲೆ ಇದ್ದವರು ಇಬ್ಬರು: ಈಗ ನಿವೃತ್ತರಾಗಿದ್ದ ಪೋಸ್ಟ್ ಮಾಸ್ಟರ್ ಕೃಷ್ಣಯ್ಯನವರು ಮತ್ತು ಲೈನ್‌ಮನ್ ಗಣಪ. ಗಣಪ ತನ್ನ ಆಫೀಸರು ಮಧ್ಯಾಹ್ನ ಊಟ ಮಾಡಿ ಮೇಜಿನ ಮೇಲೆ ತಲೆಯಿಟ್ಟರೆ ಸಂಜೆಯ ಬಸ್ಸಿನ ಹಾರ್ನಿಗೇ ಏಳುವುದೆಂದು ವರ್ಣಿಸಿ ಮುಗಿಸಿದ್ದ. ಕೃಷ್ಣಯ್ಯನವರು ಕನ್ನಡಕ ಸರಿಮಾಡಿಕೊಂಡು ಪೇಪರಿನಿಂದ ಓದಿದರು: ಫೋನಿನಲ್ಲಿ ಆಡಿದ ಮಾತು, ಕಂಪ್ಯೂಟರಿನಲ್ಲಿ ಬರೆದ ಪತ್ರ ಎಲ್ಲವನ್ನೂ ಸರ್ಕಾರಗಳು ಗುಟ್ಟಾಗಿ ಕೇಳುತ್ತವೆ, ಓದುತ್ತವೆ ಎಂದು ಅಮೆರಿಕದಿಂದ ಸುದ್ದಿ ಹೊರಬಿದ್ದಿದೆ.

"ಛೆ ಛೆ," ಎಂದರು ಕೃಷ್ಣಯ್ಯ. "ಅಷ್ಟ್ ವರ್ಷ ಪೋಸ್ಟಾಫೀಸಗಿದ್ದೆ. ಒಂದ್ ದಿನ ಒಬ್ರ್ ಇನ್‌ಲ್ಯಾಂಡ್ ಬಿಡ್ಸಿ ಓದ್ಲಿಲ್ಲೆ ನಾನ್."

"ಕಾರ್ಡ್ ಓದ್ತಿದ್ರಿ," ಎಂದ ಗಣಪ.

"ಕಾರ್ಡ್ ಬಿಡ್ಸೂಕೆ ಇಲ್ಲ ಅಲ್ದಾ? ಅದ್ ಬಿಡ್ಸ್ಕಂಡೇ ಬತ್ತ್."

ಚಂದಯ್ಯ ಹಗ್ಗದ ಸಿಂಬಿಯನ್ನು ಕೆಳಗಿಟ್ಟು ಎದ್ದು ನಿಂತ. ಸುದ್ದಿಯನ್ನು ಸುಳ್ಳು ಮಾಡುವಾಗ ಅವನು ನಿಂತೇ ಮಾಡುತ್ತಿದ್ದ.

"ಹ್ವಾಯ್ ಕೃಷ್ಣಯ್ಯ, ಸರ್ಕಾರದ್ ಎದ್ರ್ ನಿಂತ್ಕಂಡ್ ಬೊಬ್ಬೆ ಹೊಡದ್ರೂ ಅದಕ್ಕೆ ಕೇಂತಿಲ್ಲೆ. ತೋಡ್ ದಾಟು ಸಂಕ ಮುರ್ದ್ ಎಷ್ಟ್ ಕಾಲ ಆಯ್ತ್? ಉಮಾವತಿಯಕ್ಕನ್ ಕೊಟ್ಟಿಗಿ ಮೇಲೆ ಕರೆಂಟ್ ಕಂಬ ವಾಲ್ಕಂಡ್, ನನ್ ಅಂಗ್ಡಿ ಹಗ್ಗದಗೇ ನಿಂತಿತ್ತಲೆ, ಅದ್ ಕೇಂತಾ? ಅಂಥ ಕೆಪ್ಪ್ ಸರ್ಕಾರ ನನ್ ಕಿಸಿ ಒಳ್ಗೆ ಕೂಕಂಡ್ ನನ್ ಮಾತ್ ಕೇಂತ್ತಾ? ಹೇಳಿ!"

ಎಂದು ಕಿಸೆಯ ಮೇಲೆ ಪಟಪಟನೆ ಬಡಿದ.

ಕಿಸೆಯೊಳಗಿಂದ ಹೆಂಗಸೊಬ್ಬಳ ದನಿ, ತಣ್ಣಗೆ, ಸ್ಪಷ್ಟವಾಗಿ ಹೇಳಿತು:

"ಸಾರಿ. ಐ ಡಿಡ್ ನಾಟ್ ಹಿಯರ್ ಯು. ಪ್ಲೀಸ್ ಸೇ ಇಟ್ ಅಗೇನ್."

ಗಣಪನ ಚಾ ಗ್ಲಾಸು ಬಾಯಿಯ ಹತ್ತಿರ ನಿಂತುಹೋಯಿತು. ಕೃಷ್ಣಯ್ಯನವರು ಪೇಪರನ್ನು ಸಾವಕಾಶ ಮಡಚಿದರು. ಚಂದಯ್ಯನ ಕೈ ಎದೆಯ ಮೇಲೆ ಬಡಿದ ಜಾಗದಲ್ಲೇ ಅಂಟಿಕೊಂಡಿತ್ತು, ರಾಷ್ಟ್ರಗೀತೆಗೆ ನಿಂತವನ ಹಾಗೆ.

"ಎಂತ ಹೇಳ್ಲ್ ಅವ್ಳ್?" ಎಂದು ಗಣಪ ಉಸಿರಿನಲ್ಲೇ ಕೇಳಿದ. ಇಂಗ್ಲಿಷಿನ ವಿಷಯ ಬಂದರೆ ಬೆಂಚಿನಲ್ಲಿ ಕೃಷ್ಣಯ್ಯನವರದ್ದೇ ಕೊನೆಯ ಮಾತು.

"ಕ್ಷಮಿಸಿ ಅಂದ್ರ್. ಸಮಾ ಕೇಂತಿಲ್ಲೆ, ಇನ್ನೊಂದ್ ಸಲ ಹೇಳಿ ಅಂದ್ರ್."

"ಕ್ಷಮಿಸಿ ಅಂದ್ರಾ? ಸರ್ಕಾರ?" ಗಣಪ ತಲೆ ಕೊಡವಿದ. "ಹಾಂಗಾರೆ ನಮ್ಮದಲ್ಲ. ಅಮೆರಿಕದ್ದೇ."

"ದಿಲ್ಲಿದ್ ಆಯಿಕ್ಕ್," ಎಂದರು ಕೃಷ್ಣಯ್ಯ, ದೇಶಾಭಿಮಾನದಿಂದ.

ಹೀಗೆ, ಲೋಕವೇ ನಂಬಿದ್ದನ್ನು ನಂಬದ ಚಂದಯ್ಯ, ಲೋಕ ಇನ್ನೂ ಅನುಮಾನದಿಂದ ನೋಡುತ್ತಿದ್ದ ಒಂದು ಸುದ್ದಿಯನ್ನು ಒಂದೇ ಏಟಿಗೆ ನಂಬಿಬಿಟ್ಟ. ಪೇಪರಿನಲ್ಲಿ ಬಂದದ್ದರಿಂದಲ್ಲ. ಕಿಸೆಯೇ ಬಾಯಿಬಿಟ್ಟು ಹೇಳಿದ ಮೇಲೆ ಏನು ಮಾಡುವುದು?

ಫೋನು ಆಫ್ ಮಾಡಬಹುದಿತ್ತು. ಗಣಪ ಅದನ್ನೇ ಹೇಳಿದ. ಚಂದಯ್ಯ ಕಣ್ಣು ಬಿಟ್ಟು ಅವನನ್ನು ಒಂದು ಮೂಲೆಗೆ ಎಳೆದುಕೊಂಡು ಹೋಗಿ, "ಅಷ್ಟ್ ಮರ್ಯಾದಿಲಿ ಕೇಂಬತಿಗೆ ಮುಖಕ್ಕೆ ಬಾಗ್ಲ್ ಹಾಕೂಕ್ ಆತ್ತಾ? ನಮ್ಮ್ ಹತ್ರ ಎಂತೋ ಗುಟ್ಟಿತ್ತ್ ಅಂದ್ಕಂತ್ರ್" ಎಂದ. ನಿಜ ಹೇಳಬೇಕೆಂದರೆ ಅವನ ಹೆದರಿಕೆಯ ಅಡಿಯಲ್ಲಿ ಸಣ್ಣದೊಂದು ಖುಷಿಯೂ ಇತ್ತು. ಇಷ್ಟು ದೊಡ್ಡ ಕುಂದಾಪುರ ಬಿಟ್ಟು, ಉಡುಪಿ ಬಿಟ್ಟು, ಸರ್ಕಾರ ಕಿವಿಯಿಡುವುದಕ್ಕೆ ತನ್ನ ಕಿಸೆಯನ್ನೇ ಆರಿಸಿಕೊಂಡಿತಲ್ಲ!

ಮಧ್ಯಾಹ್ನ ಮನೆಗೆ ಹೋಗಿ ಕೈಸನ್ನೆಯಲ್ಲಿ, ಪಿಸುಮಾತಿನಲ್ಲಿ ಕುಸುಮಳಿಗೆ ವಿಷಯ ತಿಳಿಸಿದ. ಕುಸುಮ ಊರಿನಲ್ಲಿ ಬಾಯಿಗೆ ಹೆಸರಾದವಳು. ಅವಳು ಗಂಡನನ್ನು ಊಟಕ್ಕೆ ಕರೆದರೆ ಹಂಗಾರಕಟ್ಟೆಯ ದೋಣಿಯವರೂ ಕೈ ತೊಳೆಯುತ್ತಾರೆ ಎಂಬ ಮಾತಿತ್ತು. ಅಂಥವಳು ಫೋನನ್ನು ಒಮ್ಮೆ ನೋಡಿದಳು, ಸೀರೆಯ ಸೆರಗು ಸರಿಮಾಡಿಕೊಂಡಳು, ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಿಂದ ಕೇಳಿಬಂತು:

"ಊಟ ಸಿದ್ಧವಾಗಿದೆ. ದಯವಿಟ್ಟು ಕೈಕಾಲು ತೊಳೆದುಕೊಂಡು ಬನ್ನಿರಿ."

ಮದುವೆಯಾದ ದಿನದಿಂದ ಈ ದನಿಯನ್ನು ಚಂದಯ್ಯ ಆ ಮನೆಯಲ್ಲಿ ರೇಡಿಯೋದಿಂದ ಮಾತ್ರ ಕೇಳಿದ್ದ. ಹೆದರುತ್ತ ಹೋಗಿ ಎಲೆಯ ಮುಂದೆ ಕೂತ.

"ಮೀನಿನ ಸಾರಿಗೆ ಉಪ್ಪು ಸರಿಯಾಗಿದೆಯೇ?"

ಉಪ್ಪು ಹಾಕುವುದೇ ಮರೆತಿತ್ತು. ಚಂದಯ್ಯ ಕಿಸೆಯ ಕಡೆ ಒಮ್ಮೆ ನೋಡಿ, "ಬಹಳ ರುಚಿಕರವಾಗಿದೆ" ಎಂದ.

ಆ ವಾರವೆಲ್ಲ ಆ ಮನೆಯಲ್ಲಿ ಜಗಳ ನಡೆಯಲಿಲ್ಲ. ಪಕ್ಕದ ಮನೆಯವರು ಗಾಬರಿಯಾಗಿ, ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದರು. ಅಂಗಡಿಯ ಬೆಂಚಿನ ಸ್ಥಿತಿ ಇನ್ನೂ ಕೆಟ್ಟಿತು. ಅಲ್ಲಿ ಕೂತವರು ಹವೆಯ ಬಗ್ಗೆ ಮಾತ್ರ ಮಾತಾಡಿದರು. ಅದನ್ನೂ ಯಾರಿಗೂ ನೋವಾಗದ ಹಾಗೆ. "ಮಳೆ ಒಳ್ಳೆಯ ರೀತಿಯಲ್ಲಿ ಬರುತ್ತಿದೆ" ಎಂದು ಒಬ್ಬರು, "ಹೌದು, ಅಭಿನಂದನೀಯ" ಎಂದು ಇನ್ನೊಬ್ಬರು. ಇಡೀ ಊರಿನ ಸೊಸೆಯಂದಿರು, ಜಾಗದ ಬೇಲಿಗಳು, ಮದುವೆ ಮುರಿದ ಕಾರಣಗಳು ಎಲ್ಲ ಚರ್ಚೆಯಿಲ್ಲದೆ ಬಾಕಿ ಉಳಿದವು.

ಎಲ್ಲರಿಗಿಂತ ಹೆಚ್ಚು ನಲುಗಿದವನು ಗಣಪ. ಆ ದನಿ ಬರುವುದಕ್ಕೆ ಸ್ವಲ್ಪ ಮೊದಲಲ್ಲವೇ ಅವನು ಆಫೀಸರ ಮಧ್ಯಾಹ್ನದ ನಿದ್ದೆಯನ್ನು ಗೊರಕೆಯ ಸಮೇತ ಅಭಿನಯಿಸಿ ತೋರಿಸಿದ್ದು? ಅವನು ಎರಡು ದಿನ ಊಟ ಬಿಟ್ಟ. ಆಮೇಲೆ ಆಫೀಸರ ಕಾಲಿಗೇ ಬಿದ್ದು ಹೇಳಿಕೊಂಡ. ಆಫೀಸರು ಮೊದಲು ನಕ್ಕರು, "ಅವೆಲ್ಲ ಸುಳ್ಳು ಮಾರಾಯ" ಎಂದರು. ಮತ್ತೆ ಬಾಗಿಲು ಹಾಕಿ ಬಂದು, "ಗೊರಕೆಯೂ ಕೇಳಿಸಿದೆಯಾ?" ಎಂದು ಕೇಳಿದರು.

ಮರುದಿನ ನಡುಮಧ್ಯಾಹ್ನದಲ್ಲಿ, ನಿದ್ದೆಯ ಹೊತ್ತಿಗೆ ಸರಿಯಾಗಿ, ಆಫೀಸರು ಜೀಪು ತುಂಬ ಜನರನ್ನು ಕಟ್ಟಿಕೊಂಡು ಬಂದು ಉಮಾವತಿಯ ಕೊಟ್ಟಿಗೆಯ ಮೇಲಿನ ಕಂಬ ನೆಟ್ಟಗೆ ಮಾಡಿಸಿದರು. ಮುಗಿದ ಮೇಲೆ ಚಂದಯ್ಯನ ಅಂಗಡಿಯ ಮುಂದೆ ಜೀಪು ನಿಲ್ಲಿಸಿ, ಅವನ ಎದೆಗೆ ನೇರ ಮುಖಕೊಟ್ಟು, "ನಾವು ಮಧ್ಯಾಹ್ನವೂ ಕರ್ತವ್ಯದಲ್ಲಿರುತ್ತೇವೆ!" ಎಂದು ಕೂಗಿ ಹೋದರು.

ಇಲ್ಲಿಂದ ಕಥೆ ಚಂದಯ್ಯನ ಕೈ ಮೀರಿತು.

ಉಮಾವತಿ ತೋಡಿನ, ಎಂದರೆ ಊರಿನ ಬದಿಯ ಹಳ್ಳದ, ಆಚೆ ಬದಿಯವಳು. ಬಸಳೆ, ಹರಿವೆ, ಸೌತೆ ಬೆಳೆದು ಬುಟ್ಟಿ ತಲೆಯ ಮೇಲೆ ಹೊತ್ತು, ತೋಡಿಗೆ ಅಡ್ಡ ಹಾಕಿದ ತೆಂಗಿನ ಕಾಂಡದ ಮೇಲೆ ದಾಟಿ, ಬಸ್ಸು ಹಿಡಿದು ಬ್ರಹ್ಮಾವರದ ಸಂತೆಗೆ ಹೋಗುವವಳು. ಮೊದಲು ಅಲ್ಲೊಂದು ಕಲ್ಲಿನ ಸಂಕ, ಸಣ್ಣ ಸೇತುವೆ, ಇತ್ತು. ನೆರೆಗೆ ಕುಸಿದ ಮೇಲೆ ಹೊಸ ಕಾಲುಸಂಕಕ್ಕೆ ಪಂಚಾಯತಿಯವರು ಶಂಕುಸ್ಥಾಪನೆ ಮಾಡಿದ್ದರು. ಆ ಕಲ್ಲು ಮಾತ್ರ ಗಟ್ಟಿಯಾಗಿ ನಿಂತಿತ್ತು. ಹಿಂದಿನ ಮಳೆಗಾಲದಲ್ಲಿ ಉಮಾವತಿ ಕಾಂಡದಿಂದ ಜಾರಿ, ಬುಟ್ಟಿ ನೀರುಪಾಲಾಗಿ, ಸೊಂಟ ಹಿಡಿದುಕೊಂಡು ಒಂದು ತಿಂಗಳು ಮಲಗಿದ್ದಳು. ಆಚೆ ಬದಿಯ ಮಕ್ಕಳು ಜೋರು ಮಳೆಯ ದಿನ ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದರು.

ಕಂಬ ನೆಟ್ಟಗಾದ ಮರುದಿನ ಅವಳು ಅಂಗಡಿಗೆ ಬಂದಳು. ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ವಾಪಸು ಕೌಂಟರಿನ ಮೇಲಿಟ್ಟಳು.

"ಚಂದಯ್ಯ, ಆ ಹೆಂಗ್ಸ್ ಇತ್ತಾ?"

"ಯಾವ ಹೆಂಗ್ಸ್?"

"ನಿನ್ ಕಿಸಿ ಒಳ್ಗ್ ಇಪ್ಪುದ್. ಸಂಕದ್ ವಿಷಯ ಒಂದ್ ಮಾತ್ ಹೇಳ್ತೆ. ಬಗ್ಗ್ ಕಾಂಬ."

ಚಂದಯ್ಯ ಬಗ್ಗಿದ. ಉಮಾವತಿ ಅವನ ಎದೆಗೆ ಬಾಯಿಟ್ಟು, "ಅಮ್ಮಾ, ನಾನ್ ಉಮಾವತಿ. ಕಂಬ ಸಮಾ ಆಯ್ತ್, ನಿನ್ ಹೊಟ್ಟಿ ತಣ್ಣಗಿರ್ಲಿ. ಇನ್ನ್ ಆ ಸಂಕ ಒಂದ್ ಮಾಡ್ಸ್ ಮಗಾ" ಎಂದು ಶುರುಮಾಡಿ, ಸೊಂಟದ ನೋವಿನಿಂದ ಹಿಡಿದು ತನ್ನ ಕಪ್ಪು ದನದ ಕರುವಿನವರೆಗೆ ಎಲ್ಲ ಹೇಳಿ ಮುಗಿಸಿದಳು. ಅಷ್ಟು ಹೊತ್ತು ಚಂದಯ್ಯ ಕ್ಷೌರಕ್ಕೆ ಕೂತವನ ಹಾಗೆ ಕತ್ತು ಓರೆಮಾಡಿಕೊಂಡು ನಿಂತಿದ್ದ.

ಮೂರು ಲೋಕದವರು ಸರ್ಕಾರ ಕೇಳುತ್ತದೆಂದು ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ, ಹೊಳೆಬಾಗಿಲಿನವರು ಸರ್ಕಾರ ಕೇಳುತ್ತದೆಂದು ಸಾಲಾಗಿ ನಿಂತರು. ಹೆದರುವುದಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ. ಹೇಳಿಕೊಳ್ಳುವುದು ಅಷ್ಟು ಉಳಿದಿತ್ತು. ಬಸ್ಸಿನವ ಊರಿನ ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುವುದು, ನಳ್ಳಿಯಲ್ಲಿ ಉಪ್ಪುನೀರು ಬರುವುದು, ಗದ್ದೆಗೆ ನವಿಲು ನುಗ್ಗುವುದು. ಒಬ್ಬರು ಅಳಿಯನ ನಡತೆಯ ಬಗ್ಗೆಯೂ ಹೇಳಿದರು. ಕೃಷ್ಣಯ್ಯನವರು ಪಕ್ಕದಲ್ಲಿ ಕೂತು, ಮುಖ್ಯವಾದ ವಿಷಯಗಳನ್ನು ಇಂಗ್ಲಿಷಿಗೆ ತಿರುಗಿಸಿ ಕಿಸೆಗೆ ಒಪ್ಪಿಸುತ್ತಿದ್ದರು. ನಡುನಡುವೆ ಫೋನು "ಪ್ಲೀಸ್ ಸೇ ಇಟ್ ಅಗೇನ್" ಎಂದರೆ ಸಾಲಿನಲ್ಲಿ ಇದ್ದವರು ಕೈಮುಗಿಯುತ್ತಿದ್ದರು. ಜೀವಮಾನದಲ್ಲಿ ಯಾವ ಕಚೇರಿಯೂ ಅವರಿಗೆ 'ಇನ್ನೊಮ್ಮೆ ಹೇಳಿ' ಎಂದಿರಲಿಲ್ಲ.

ವಿಷಯ ಪಂಚಾಯತಿಗೆ ಹೋಯಿತು. ಅಧ್ಯಕ್ಷ ನಿತೇಶ ಹುರುಪಿನ ಮನುಷ್ಯ. ಬಿಳಿ ಅಂಗಿ, ಬಿಳಿ ಚಪ್ಪಲಿ. ಅವನು ಅಂಗಡಿಗೆ ಬಂದು, ಕಿಸೆಗೆ ಬೆನ್ನು ಹಾಕಿ ನಿಂತು, ಚಂದಯ್ಯನನ್ನು ಸನ್ನೆಯಿಂದ ರಸ್ತೆಯ ಆಚೆ ಕರೆದ. ಚಂದಯ್ಯ ಹೋದ. ಫೋನೂ ಹೋಯಿತು. ನಿತೇಶ ಮತ್ತೆ ಸನ್ನೆ ಮಾಡಿದ. ಕೊನೆಗೆ ಫೋನನ್ನು ಕೌಂಟರಿನ ಮೇಲೆ ಬಿಟ್ಟು, ಅದರ ಮೇಲೊಂದು ಗೋಣಿ ಮುಚ್ಚಿ ಬಂದ ಮೇಲೆ ಮಾತು ಹೊರಟಿತು.

"ಚಂದಯ್ಯಣ್ಣ, ಜನ ಮಾತಾಡ್ಲಿ, ನಾನ್ ಬ್ಯಾಡ ಅಂಬುದಿಲ್ಲೆ. ಆರೆ ಬಾಯಿಗ್ ಬಂದದ್ದೆಲ್ಲ ಮೇಲೆ ಹೋರೆ ಊರಿನ್ ಮರ್ಯಾದಿ ಎಂತ ಆಯ್ಕ್? ಇನ್ನ್ ಮೇಲೆ ಹೇಳುಕಿಪ್ಪುದನ್ನ ಮೊದ್ಲ್ ನನಗ್ ಹೇಳ್ಲಿ. ನಾನ್ ಅಡ್ಡಿಲ್ಲ ಅಂದದ್ದನ್ನ ಅದ್ಕೆ ಹೇಳ್ಲಿ."

"ಯಾವ್ದಕ್ಕೆ ಅಡ್ಡಿ ಇತ್ತ್?"

"ಯಾವ್ದಕ್ಕೂ ಇಲ್ಲೆ. ಸಂಕ ಒಂದ್ ಬ್ಯಾಡ."

ಹೀಗೆ ಮರುದಿನದಿಂದ ನಿತೇಶನೇ ಬೆಂಚಿನ ತುದಿಯಲ್ಲಿ ಕೂತ. ನವಿಲು ಪಾಸಾಯಿತು. ಉಪ್ಪುನೀರು, 'ಸ್ವಲ್ಪ ಉಪ್ಪು' ಎಂದು ತಿದ್ದುಪಡಿಯಾಗಿ ಪಾಸಾಯಿತು. ಅಳಿಯನ ನಡತೆಯ ದೂರಿಗೆ ಅಧ್ಯಕ್ಷರ ಪೂರ್ಣ ಬೆಂಬಲವಿತ್ತು. ಸಂಕದ ಹೆಸರೆತ್ತಿದವರನ್ನು ಮಾತ್ರ ಅವನು ಕೈ ಹಿಡಿದು ನಯವಾಗಿ ಸಾಲಿನ ಹಿಂದಕ್ಕೆ ಕಳಿಸಿದ. ಅಲ್ಲಿಯವರೆಗೆ ಸಂಕದ ಚಿಂತೆ ಇದ್ದದ್ದು ತೋಡಿನ ಆಚೆಯವರಿಗೆ ಮಾತ್ರ. ಅದನ್ನು ಹೇಳಬಾರದು ಎಂದಾದ ಮೇಲೆ ಇಡೀ ಊರಿಗೆ ಅದನ್ನು ಬಿಟ್ಟು ಬೇರೆ ಮಾತು ರುಚಿಸದಾಯಿತು.

ಉಪಾಯ ತೆಗೆದವಳು ಉಮಾವತಿ. ಅವಳು ನಿತೇಶನ ಎದುರೇ ಬಂದು, "ಅಧ್ಯಕ್ಷರೇ, ನಮ್ ಬದಿಯ ಶಂಕರನ್ ವಿಷಯ ಹೇಳ್ಲಕ್ಕಾ?" ಎಂದಳು.

"ಯಾರ್ ಶಂಕರ? ಹೇಳಿ, ಹೇಳಿ."

ಉಮಾವತಿ ಕಿಸೆಗೆ ಬಗ್ಗಿದಳು. "ಅಮ್ಮಾ, ಶಂಕರ ಬಿದ್ಕಂಡಿದ್ದ. ಸೊಂಟ ಮುರದಿತ್ತ್. ಮಳಿಗೆ ನೆನೀತಾ ತೋಡಿನ್ ಬದಿಯಗೇ ಬಿದ್ಕಂಡಿದ್ದ. ಕಾಂಬರಿಲ್ಲೆ, ಕೇಂಬರಿಲ್ಲೆ. ಪಂಚಾಯ್ತಿಯರ್ ಒಂದ್ ಕಲ್ಲ್ ಇಟ್ಟ್ ಹೂವ್ ಹಾಕಿ ಹೋರ್. ಮತ್ತೆ ಬರ್ಲೇ ಇಲ್ಲೆ."

ನಿತೇಶನಿಗೇ ಕಣ್ಣು ಒದ್ದೆಯಾಯಿತು.

ಆ ದಿನ ಸಾಲಿನಲ್ಲಿ ಬಂದವರೆಲ್ಲ ಶಂಕರನ ವಿಷಯವನ್ನೇ ಹೇಳಿದರು. ಶಂಕರನ ಮೇಲೆ ಮಕ್ಕಳು ಹತ್ತಿ ಜಾರಿ ಬೀಳುತ್ತಾರೆ ಎಂದರು. ಶಂಕರ ಗಟ್ಟಿಯಿದ್ದಾಗ ಎತ್ತಿನಗಾಡಿ ಅವನ ಬೆನ್ನಿನ ಮೇಲೆ ಹೋಗುತ್ತಿತ್ತು ಎಂದರು. ನಿತೇಶ ಇಂಥ ಮನುಷ್ಯನನ್ನು ತಾನು ನೋಡಿಯೇ ಇಲ್ಲವಲ್ಲ ಎಂದು ಬೆರಗಾಗಿ, ಒಳ್ಳೆಯ ಮನಸ್ಸಿನಿಂದಲೇ, ಆರೋಗ್ಯ ಸಹಾಯಕಿ ಯಾಮಿನಿಗೆ ಫೋನು ಮಾಡಿ ಬರಹೇಳಿದ.

ಯಾಮಿನಿ ಕೊಡೆ, ಚೀಲ, ಔಷಧಿಯ ಪೆಟ್ಟಿಗೆ ಹಿಡಿದುಕೊಂಡು ಮರುದಿನವೇ ಬಂದಳು. "ಸೊಂಟ ಮುರ್ದ ಶಂಕರ ಎಲ್ಲಿ?" ಎಂದು ಕೇಳಿದರೆ ಎಲ್ಲರೂ ಗಂಭೀರವಾಗಿ ತೋಡಿನ ಕಡೆ ಬೆರಳು ತೋರಿಸಿದರು. ಅವಳು ರೋಗಿ ಆಚೆ ದಡದಲ್ಲಿರಬೇಕೆಂದು ತೆಂಗಿನ ಕಾಂಡದ ಮೇಲೆ ಕಾಲಿಟ್ಟಳು. ನಡುವಿಗೆ ಬರುವಷ್ಟರಲ್ಲಿ ಕೊಡೆ ಒಂದು ಕಡೆ, ಪೆಟ್ಟಿಗೆ ಒಂದು ಕಡೆ, ಯಾಮಿನಿ ಸೊಂಟದವರೆಗೆ ಕೆಸರುನೀರಿನಲ್ಲಿ. ಊರವರು ಎಳೆದು ದಡಕ್ಕೆ ಹಾಕಿದರು. ಉಮಾವತಿ ಸೆರಗಿನಿಂದ ಅವಳ ಮುಖ ಒರಸುತ್ತ, "ಇವನೇ ಕಾಣ್ ಮಗಾ ಶಂಕರ" ಎಂದು ಕುಸಿದ ಸಂಕದ ಕಲ್ಲುಗಳನ್ನೂ ಕಾಂಡವನ್ನೂ ತೋರಿಸಿದಳು.

ಯಾಮಿನಿ ಮನೆಗೆ ಹೋಗಲಿಲ್ಲ. ನೀರು ಸೋರುವ ಸೀರೆಯಲ್ಲೇ ನೆಟ್ಟಗೆ ಹಗ್ಗದಂಗಡಿಗೆ ನಡೆದು, ಸಾಲನ್ನು ದಾಟಿ, ನಿತೇಶನನ್ನು ದಾಟಿ, ಚಂದಯ್ಯನ ಅಂಗಿ ಹಿಡಿದು ತನ್ನ ಕಡೆಗೆಳೆದುಕೊಂಡಳು. "ನಾನು ಆರೋಗ್ಯ ಇಲಾಖೆಯವಳು!" ಎಂದು ಕಿಸೆಯೊಳಗೆ ಕೂಗಿದಳು. "ಈ ಸಂಕ ಆಗುವವರೆಗೆ ಆಚೆ ಬದಿಯ ಮಕ್ಕಳಿಗೆ ಪೋಲಿಯೋ ಹನಿ ಹಾಕುವುದು ಹೇಗೆ ಅಂತ ನೀವೇ ಹೇಳಿ!"

ಸರ್ಕಾರಕ್ಕೆ ಒಂದು ಮಾತು ಮುಟ್ಟಿಸುವುದಕ್ಕೆ ಸರ್ಕಾರದವರಿಗೇ ಬೇರೆ ದಾರಿ ಕಾಣಲಿಲ್ಲ ಎಂದ ಮೇಲೆ ಚಂದಯ್ಯನ ಕಿಸೆಯ ಬಗ್ಗೆ ಯಾರಿಗೂ ಸಂಶಯ ಉಳಿಯಲಿಲ್ಲ. ನಿತೇಶ ಬೆಂಚಿನಿಂದ ಎದ್ದು, ಚಪ್ಪಲಿ ಕೆಸರಾಗುವುದನ್ನೂ ನೋಡದೆ ಹೊರಟುಹೋದ. ಆ ವಾರ ತೋಡಿನ ಬದಿಗೆ ಒಂದು ಲೋಡು ಜಲ್ಲಿ ಬಂದು ಬಿತ್ತು.

ಚೌತಿ ಹಬ್ಬಕ್ಕೆ ರತೀಶ ಮುಂಬಯಿಯಿಂದ ಬಂದ. ಮನೆಗೆ ಬರುತ್ತಲೇ ಅಕ್ಕ ಬಾಗಿಲಲ್ಲಿ ನಿಂತು, "ಪ್ರಯಾಣ ಸುಖಕರವಾಗಿತ್ತೇ ತಮ್ಮಾ?" ಎಂದು ಕೇಳಿದ್ದನ್ನು ನೋಡಿ ಅವನು ಚೀಲವನ್ನು ಕೆಳಗೆ ಬಿಟ್ಟ. ಕಥೆಯೆಲ್ಲ ಕೇಳಿದ ಮೇಲೆ ಅವನು ನಕ್ಕ ನಗೆಗೆ ಮಾಡಿನ ಹೆಂಚು ಅಲುಗಿತು.

"ಅರೇ ಬಾವಾ! ಅದ್ ಮಶೀನ್ ಮಾರಾಯ್ರೆ, ಮಶೀನ್! ಈ ಗುಂಡಿ ಒತ್ತಿ ಹಿಡದ್ರೆ 'ಎಂತ ಬೇಕ್' ಅಂತ ಕೇಂತ್ತ್. ನೀವ್ ಕಿಸಿಗ್ ಬಡ್ದತಿಗೆ ಒತ್ತಿ ಹೋಯ್ತ್. ಕನ್ನಡ ಅದ್ಕೆ ತಿಳಿತಿಲ್ಲೆ, ಅದ್ಕೆ ಮತ್ತೊಂದ್ ಸಲ ಹೇಳಿ ಅಂಬುದ್. ನಿಮ್ ಮಾತ್ ಯಾರಿಗ್ ಬೇಕ್? ಯಾರೂ ಕೇಂತಿಲ್ಲೆ!"

ಎಂದು ಗುಂಡಿ ಒತ್ತಿ, ದನಿ ಬರಿಸಿ, ಮತ್ತೆ ಒತ್ತಿ, ಮತ್ತೆ ಬರಿಸಿ ತೋರಿಸಿದ.

ಚಂದಯ್ಯ ಜಗಲಿಯ ಮೇಲೆ ಕೂತ. ಇಷ್ಟು ವರ್ಷ ಎಟಿಎಂ ಸುಳ್ಳು, ಸ್ಕ್ಯಾನಿಂಗ್ ಸುಳ್ಳು ಎಂದವನು ಒಂದು ಗುಂಡಿಯ ಮುಂದೆ ಹೀಗೆ ಬೋರಲು ಬಿದ್ದಿದ್ದ. ಅದರ ನಾಚಿಕೆ ಒಂದು ಕಡೆ. ಆದರೆ ಅದಕ್ಕಿಂತ ಜಾಸ್ತಿ ಚುಚ್ಚಿದ್ದು 'ಯಾರೂ ಕೇಳುವುದಿಲ್ಲ' ಎಂಬ ಮಾತು. ಅವನು ಒಳಗೆ ನೋಡಿದ. ಕುಸುಮ ಬಾಗಿಲ ಪಟ್ಟಿ ಹಿಡಿದು ನಿಂತಿದ್ದಳು.

"ಹಾಂಗಾರೆ ಇಷ್ಟ್ ದಿನ ನಾನ್ ಬೈಯ್ದೆ ಇದ್ದದ್ದ್ ದಂಡವಾ?" ಎಂದವಳು, ಅಂದು ಸಂಜೆಯೊಳಗೆ ಬಾಕಿಯೆಲ್ಲ ತೀರಿಸಿದಳು. ಪಕ್ಕದ ಮನೆಯವರು ಸಮಾಧಾನದ ಉಸಿರು ಬಿಟ್ಟರು.

ಚಂದಯ್ಯನ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ತಾನು ಸುಳ್ಳೆಂದು ತಿಳಿದದ್ದನ್ನು ಊರಿನಲ್ಲಿ ಓಡಾಡಲು ಬಿಟ್ಟವನಲ್ಲ. ಮರುದಿನ ಬೆಳಿಗ್ಗೆ ಅವನು ಅಂಗಡಿಯ ಮುಂದೆ ನಿಂತು, ಸಾಲಿನಲ್ಲಿದ್ದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕಿಸೆಯಲ್ಲಿ ಯಾರೂ ಇಲ್ಲ. ದಿಲ್ಲಿಯೂ ಇಲ್ಲ, ಅಮೆರಿಕವೂ ಇಲ್ಲ. ಇದೊಂದು ಗುಂಡಿ. ತಾನು ಮೋಸಹೋದದ್ದು, ಎಲ್ಲರೂ ಕ್ಷಮಿಸಬೇಕು.

ಯಾರೂ ಅಲುಗಲಿಲ್ಲ. ಗಣಪ ಚಾ ಗ್ಲಾಸು ಕೆಳಗಿಟ್ಟ.

"ಚಂದಯ್ಯ, ಯಾರ್ ಬಂದಿರ್?"

"ಯಾರೂ ಬರ್ಲಿಲ್ಲೆ. ರತೀಶ..."

"ಮುಂಬಯಿಂದ ಬಂದಿರ್," ಎಂದರು ಕೃಷ್ಣಯ್ಯ, ಎಲ್ಲರ ಕಡೆ ಅರ್ಥಪೂರ್ಣವಾಗಿ ನೋಡಿ. "ಬಂದ್ ಬಾಯ್ ಮುಚ್ಚ್ಸಿರ್. ಪೇಪರಗೂ ಹೀಂಗೇ ಬರದಿತ್ತ್. 'ನಾವು ಕೇಳುತ್ತಿಲ್ಲ' ಅಂತ ಅವ್ರ್ ಹೇಳ್ರ್. ಕೇಂಬರ್ ಹೇಳುದೇ ಹಾಂಗೆ."

"ಹ್ವಾಯ್, ಗುಂಡಿ ಒತ್ತಿ ತೋರ್ಸ್ತೆ, ಕಾಣಿ!"

ಒತ್ತಿದ. ದನಿ ಬಂತು. "ಪ್ಲೀಸ್ ಸೇ ಇಟ್ ಅಗೇನ್."

"ಕಂಡ್ರ್ಯಾ? ಇದ್ದ್ರ್," ಎಂದ ಗಣಪ.

ಯಾವ ಸುದ್ದಿಯನ್ನೂ ಸುಲಭಕ್ಕೆ ನಂಬಬಾರದು ಎಂದು ಈ ಬೆಂಚಿಗೆ ಕಲಿಸಿದವನು ಚಂದಯ್ಯನೇ. ಕಲಿತವರು ಈಗ ಅವನನ್ನೇ ನಂಬಲಿಲ್ಲ. ಉಮಾವತಿ ಹತ್ತಿರ ಬಂದು ಅವನ ಬೆನ್ನು ಸವರಿ, "ಹೆದ್ರ್ಕಣ್ಬೇಡ. ನಾವೆಲ್ಲ ಇದ್ದ್" ಎಂದಳು. ಅವತ್ತು ಸಾಲು ಇನ್ನೂ ಉದ್ದವಾಯಿತು.

ಆದರೆ ಸುದ್ದಿ ನಿತೇಶನ ಕಿವಿಗೂ ಬಿದ್ದಿತ್ತು. ಎರಡು ದಿನ ಕಳೆದು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಬೆಂಚು ಖಾಲಿಯಿರುವುದನ್ನು ನೋಡಿಕೊಂಡು ಅವನು ಚಂದಯ್ಯನ ಮನೆಗೇ ಬಂದ. ಜಲ್ಲಿಯ ಲೋಡು ಬಿದ್ದಲ್ಲೇ ಬಿದ್ದಿತ್ತು; ಸಿಮೆಂಟು ಇನ್ನೂ ಬಂದಿರಲಿಲ್ಲ. ಕುಸುಮ ನೀರು, ಬೆಲ್ಲ ತಂದಿಟ್ಟಳು. ನಿತೇಶ ಬೆಲ್ಲ ಮುಟ್ಟಲಿಲ್ಲ. ಚಂದಯ್ಯನ ಕಿಸೆ ಖಾಲಿ ಇತ್ತು. ಅದನ್ನು ನೋಡಿ ಅವನಿಗೆ ಧೈರ್ಯ ಬಂತು.

"ಚಂದಯ್ಯಣ್ಣ, ಒಂದ್ ಮಾತ್ ಕೇಂತೆ. ಸತ್ಯ ಹೇಳ್ಕ್. ನೀವ್ ಸತ್ಯ ಹೇಳ್ವರ್ ಅಂತೇ ನಿಮ್ ಹತ್ರ ಬಂದದ್ದ್. ಅದ್ರಗೆ ಯಾರೂ ಇಲ್ಲೆ ಅಂದ್ರ್ಯಂಬ್ರಲೆ, ಹೌದಾ?"

ಚಂದಯ್ಯ ಬಾಯಿ ತೆರೆದ. ಸತ್ಯ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಎರಡು ದಿನದಿಂದ ಊರಿಡೀ ಹಂಚಿ, ಒಬ್ಬರೂ ತೆಗೆದುಕೊಳ್ಳದೆ ಉಳಿದ ಸತ್ಯ. ಅದನ್ನು ನಂಬಲು ಸಿದ್ಧನಾಗಿ ಬಂದ ಮೊದಲನೆಯವನು, ಕೊನೆಯವನೂ ಇರಬಹುದು, ಎದುರಿಗೆ ಕೂತಿದ್ದ. ನಂಬಿದರೆ ಅವನು ಎದ್ದು ಹೋಗಿ ಜಲ್ಲಿಯನ್ನು ಬೇರೆ ಕಡೆಗೆ ಸಾಗಿಸುತ್ತಾನೆ ಎಂಬುದರಲ್ಲೂ ಸಂಶಯವಿರಲಿಲ್ಲ. ಚಂದಯ್ಯನಿಗೆ ಬೆನ್ನಿನ ಮೇಲೆ ಉಮಾವತಿಯ ಒರಟು ಅಂಗೈ ಇನ್ನೂ ಇದ್ದ ಹಾಗೆ ಅನ್ನಿಸಿತು.

ಅವನು ಎದ್ದು ಬಂದು ನಿತೇಶನ ಕಿವಿಯ ಹತ್ತಿರ ಬಗ್ಗಿದ.

"ಅಧ್ಯಕ್ಷರೇ, ಸಣ್ಣಕ್ ಮಾತಾಡಿ. ಅದ್ ಒಳ್ಗೆ ಚಾರ್ಜಿಗ್ ಇಟ್ಟಿದೆ."

ನಿತೇಶ ಒಳಗಿನ ಕೋಣೆಯ ಬಾಗಿಲನ್ನು ನೋಡಿದ. ಎದ್ದು ನಿಂತ. ನಂತರ ಆ ಬಾಗಿಲಿಗೆ ಕೇಳುವ ಹಾಗೆ, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, "ಸಂಕದ ಕೆಲಸ ಸೋಮವಾರದಿಂದ ಆರಂಭವಾಗುತ್ತದೆ" ಎಂದು ಹೇಳಿ, ಕೈಮುಗಿದು ಹೊರಟುಹೋದ.

ಕುಸುಮ ಸೊಂಟಕ್ಕೆ ಕೈಯಿಟ್ಟು ಗಂಡನನ್ನೇ ನೋಡುತ್ತಿದ್ದಳು. "ಸುಳ್ಳ್ ಹೇಳೂಕೂ ಕಲ್ತ್ರ್ಯಾ ಈಗ?"

"ಸುಳ್ಳ್ ಎಲ್ಲ್ ಹೇಳ್ದೆ?" ಎಂದ ಚಂದಯ್ಯ, ನಿತೇಶ ಬಿಟ್ಟ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು. "ಚಾರ್ಜಿಗ್ ಇಟ್ಟದ್ ಹೌದಲ್ದಾ."

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಸಂಕ ಮುಗಿಯಿತು. ಎರಡೂ ಬದಿಗೆ ಕಬ್ಬಿಣದ ಕೈಹಿಡಿ, ಮೇಲೆ ಗಟ್ಟಿ ಕಾಂಕ್ರೀಟು. ಉದ್ಘಾಟನೆಗೆ ಚಂದಯ್ಯನನ್ನು ಕರೆಯಲು ಪಂಚಾಯತಿಯಿಂದ ಜನ ಬಂದು, "ನೀವ್ ಬರ್ಕ್. ಅದ್ ಮನೆಲೇ ಇರ್ಲಿ" ಎಂದು ವಿನಯದಿಂದ ಹೇಳಿ ಹೋದರು. ಅವನು ಖಾಲಿ ಕಿಸೆಯಲ್ಲಿ ಹೋದ. ಕಿಸೆ ಖಾಲಿಯಿರುವುದು ಕಂಡದ್ದೇ ಜನ ಅವನ ಸುತ್ತ ಮುತ್ತಿಕೊಂಡು, ಇಷ್ಟು ತಿಂಗಳು ಹೊಟ್ಟೆಯಲ್ಲಿ ಕಟ್ಟಿಟ್ಟುಕೊಂಡ ಸೊಸೆಯಂದಿರನ್ನೂ ಬೇಲಿಗಳನ್ನೂ ಒಟ್ಟಿಗೆ ಬಿಚ್ಚಿದರು. ಎಲ್ಲ ಒಮ್ಮೆಗೇ ಕೇಳಿ ಅವನ ತಲೆ ತಿರುಗಿತು, ಆದರೂ ಸುಖವಾಯಿತು.

ನಿತೇಶ ಸಂಕದ ಈ ತುದಿಯಲ್ಲಿ ಕೆಂಪು ಟೇಪಿನ ಮುಂದೆ ಕತ್ತರಿ ಹಿಡಿದು ನಿಂತು, ಈ ಕೆಲಸಕ್ಕಾಗಿ ತಾನು ಮೊದಲ ದಿನದಿಂದ ಹೇಗೆ ಹಗಲಿರುಳು ದುಡಿದೆ ಎಂದು ಭಾಷಣ ಮಾಡುತ್ತಿದ್ದ. ಭಾಷಣ ಉದ್ದವಾಯಿತು. ಆಚೆ ತುದಿಯಿಂದ ಉಮಾವತಿ ಬಸಳೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಕೈಹಿಡಿಯನ್ನು ಮುಟ್ಟದೆ, ನಡುವಿನಲ್ಲಿ ನಡೆದು ಬಂದಳು. ಟೇಪಿನ ಹತ್ತಿರ ಬಂದು ನಿಂತು, ಒಂದು ಕೈಯಲ್ಲಿ ಅದನ್ನು ಮೇಲೆತ್ತಿ, ಬುಟ್ಟಿಗೆ ತಾಗದ ಹಾಗೆ ಅಡಿಯಿಂದ ನುಸುಳಿದಳು.

"ನೀವ್ ಮಾತಾಡ್ತಾ ಇರಿ ಅಧ್ಯಕ್ಷರೇ," ಎಂದಳು. "ನನಗ್ ಬಸ್ಸಿಗ್ ಹೊತ್ತಾಯ್ತ್."